ಬೆಳ್ಳಿತೆರೆಯ ಭೂತಗಳೂ ಬೆಳಕಿನ ನಿಯಮಗಳೂ

ಮಸಕು ಬೆಳಕಿನಲ್ಲಿ ಹಗ್ಗವು ಹಾವಾಗಿ ತೋರುತ್ತದೆ ಎಂಬ ದೃಷ್ಟಾಂತವನ್ನು ನಮ್ಮ ದಾರ್ಶನಿಕರು ಬಹು ಹಿಂದಿನಿಂದಲೂ ಬಳಸುತ್ತ ಬಂದಿದ್ದಾರೆ. ದೀಪವನ್ನು ತಂದೊಡನೆಯೆ ಹಾವು ಮಾಯವಾಗಿ ಹಗ್ಗ ಉಳಿಯುತ್ತದೆ. ದಾರ್ಶನಿಕರಿಗೆ ಬೇಕಾಗಿದ್ದುದು ಆ ದೀಪ. ಆದರೆ ಇದೇ ಸಂಗತಿಯನ್ನು ತಿರುವು ಮುರುವು ಮಾಡಿ ಅದರಿಂದಲೇ ಜೀವನೋಪಾಯವನ್ನು ಕಂಡುಕೊಂಡವರೂ ಉಂಟು. ಕೈಯಲ್ಲಿರುವುದು ಒಂದು ತುಂಡು ಹಗ್ಗ ಮಾತ್ರ. ಬೆಳಕನ್ನು ಎಷ್ಟು ತಗ್ಗಿಸಿದರೆ, ಯಾವ ಕಡೆಯಿಂದ ಬೀರಿದರೆ, ಅದು ಹಾವಾದೀತು? ಹೀಗೆ ಲೆಕ್ಕ ಹಾಕಿದವರು ಕಳೆದ ಶತಮಾನದಲ್ಲಿ ಜರ್ಮನಿ, ಅಮೆರಿಕ, ಇಟಲಿ ಮೊದಲಾದ ದೇಶಗಳಲ್ಲಿ ಅಲ್ಪಸ್ವಲ್ಪ ಹಣದಿಂದ ಭಯಾನಕ ಚಲಚ್ಚಿತ್ರಗಳನ್ನು ತಯಾರಿಸಿದ ನಿರ್ದೇಶಕರು ಮತ್ತು ಛಾಯಾಗ್ರಾಹಕರು.

ಈ ಚಿತ್ರಗಳಲ್ಲಿ ಹಲವು ಇಂದು ಮನೆಯಲ್ಲಿ ಕುಳಿತಂತೆಯೇ ನೋಡಲು ದೊರೆಯುತ್ತವೆ. ನೋಡಿದವರಲ್ಲಿ ಬಹುಮಂದಿ ನಗುತ್ತಾರೆ. ಭಯಕ್ಕಾಗಿ ಹುಟ್ಟಿದ ಕೃತಿ ನಗೆಗೆ ಗುರಿಯಾಗುವುದಕ್ಕಿಂತ ದೊಡ್ಡ ಸೋಲು ಇನ್ನೊಂದಿಲ್ಲ. ಆದರೆ ಆ ಸೋಲು ಯಾರದು? ಚಿತ್ರವನ್ನು ತಯಾರಿಸಿದವರದೆ? ಅದನ್ನು ಕೆಡಿಸಿ ನಮ್ಮ ಕೈಗೆ ಕೊಟ್ಟವರದೆ? ಅಥವಾ ನೋಡುವ ನಮ್ಮದೆ? ಭೌತಶಾಸ್ತ್ರದ ಅಭ್ಯಾಸಿಗಳಾದ ನಾವು ಈ ಪ್ರಶ್ನೆಯನ್ನು ಬೆಳಕಿನ ಕಡೆಯಿಂದ ಪರಿಶೀಲಿಸಬಯಸುತ್ತೇವೆ. ಬಡ ನಿರ್ಮಾಪಕನಿಗೆ ಪುಕ್ಕಟೆಯಾಗಿ ದೊರೆಯುತ್ತಿದ್ದ ಸಾಮಗ್ರಿ ಎಂದರೆ ನಿಸರ್ಗದ ನಿಯಮಗಳೇ.

ಬಿಸಿಲಿನಲ್ಲಿ ನಡೆದಾಡಿದ ಪ್ರೇತ

ಮೊದಲು 1922ರಲ್ಲಿ ಜರ್ಮನಿಯ ಎಫ್. ಡಬ್ಲ್ಯು. ಮುರ್ನೌ ನಿರ್ದೇಶಿಸಿದ ‘ನೊಸ್ಫೆರಾಟು’ ಎಂಬ ಮೂಕಚಿತ್ರವನ್ನು ತೆಗೆದುಕೊಳ್ಳೋಣ. ಇದನ್ನು ತಯಾರಿಸಿದ ಸಂಸ್ಥೆಯ ಹೆಸರು ‘ಪ್ರಾಣ ಫಿಲ್ಮ್’. ಆ ಹೆಸರು ನಮ್ಮ ಸಂಸ್ಕೃತದ ‘ಪ್ರಾಣ’ ಶಬ್ದದಿಂದಲೇ ಬಂದುದು. ಆದರೆ ಸಂಸ್ಥೆಯ ಪ್ರಾಣ ಬಹುಕಾಲ ಉಳಿಯಲಿಲ್ಲ. ಅದು ಹೊರತಂದುದು ಇದೊಂದೇ ಚಿತ್ರ. ಬ್ರಾಮ್ ಸ್ಟೋಕರನು 1897ರಲ್ಲಿ ಪ್ರಕಟಿಸಿದ ‘ಡ್ರಾಕುಲಾ’ ಕಾದಂಬರಿಯ ಕಥೆಯನ್ನು ಅನುಮತಿಯಿಲ್ಲದೆ, ಹೆಸರುಗಳನ್ನಷ್ಟೇ ಬದಲಾಯಿಸಿ, ಬಳಸಿಕೊಂಡಿದ್ದರಿಂದ ಸ್ಟೋಕರನ ವಿಧವೆ ನ್ಯಾಯಾಲಯಕ್ಕೆ ಹೋದಳು. 1925ರಲ್ಲಿ ಚಿತ್ರದ ಪ್ರತಿಗಳನ್ನೆಲ್ಲ ನಾಶಮಾಡಬೇಕೆಂದು ತೀರ್ಪಾಯಿತು. ಅಲ್ಲಲ್ಲಿ ಹರಡಿಹೋಗಿದ್ದ ಕೆಲವು ಪ್ರತಿಗಳು ಉಳಿದುಕೊಂಡುದರಿಂದಲೇ ಇಂದು ನಮಗೆ ಈ ಚಿತ್ರ ಲಭ್ಯವಾಗಿದೆ.

ಕಥೆಯ ನಾಯಕ, ಅಥವಾ ಖಳನಾಯಕ, ರಕ್ತ ಹೀರುವ ಪ್ರೇತವಾದ ಓರ್ಲಾಕ್ ಪ್ರಭು. ಕಾದಂಬರಿಯ ಡ್ರಾಕುಲಾ ಹಗಲಿನಲ್ಲಿಯೂ ತಿರುಗಾಡಬಲ್ಲ; ಅವನ ಶಕ್ತಿ ಕುಗ್ಗಿರುತ್ತದೆ, ಅಷ್ಟೆ. ಸೂರ್ಯನ ಕಿರಣ ಸೋಕಿದೊಡನೆಯೆ ಪ್ರೇತವು ಕರಗಿಹೋಗುತ್ತದೆ ಎಂಬ ಕಲ್ಪನೆಯನ್ನು ತಂದುದು ಈ ಚಿತ್ರ. ಕೊನೆಯಲ್ಲಿ ಓರ್ಲಾಕ್ ಬೆಳಗಿನ ಬಿಸಿಲಿಗೆ ಸಿಕ್ಕಿ ಹೊಗೆಯಾಗಿ ಹೋಗುತ್ತಾನೆ. ಆದರೆ ಇಂದು ಪ್ರಚಾರದಲ್ಲಿರುವ ಹಲವು ಪ್ರತಿಗಳಲ್ಲಿ ಇದೇ ಓರ್ಲಾಕ್ ತನ್ನ ಶವಪೆಟ್ಟಿಗೆಯನ್ನು ಕಂಕುಳಲ್ಲಿ ಇರುಕಿಕೊಂಡು ಪಟ್ಟಣದ ಬೀದಿಯಲ್ಲಿ ಢಾಳಾದ ಹಗಲಿನಲ್ಲಿ ನಡೆದುಹೋಗುತ್ತಿರುವುದು ಕಾಣುತ್ತದೆ! ಇದನ್ನು ನೋಡಿದವನು ನಕ್ಕರೆ ತಪ್ಪೇನು? ಕಥೆಯ ಬುಡವೇ ಇಲ್ಲಿ ಕುಸಿದುಬಿದ್ದಿದೆ.

ಇದಕ್ಕೆ ಕಾರಣವನ್ನು ಅಂದಿನ ಫಿಲ್ಮಿನ ಸ್ವಭಾವದಲ್ಲಿ ಹುಡುಕಬೇಕು. ಹುಣ್ಣಿಮೆಯ ಬೆಳದಿಂಗಳು ನಡುಹಗಲಿನ ಬಿಸಿಲಿನ ಸುಮಾರು 4,00,000ದಲ್ಲಿ ಒಂದು ಪಾಲು ಮಾತ್ರ. ನಮ್ಮ ಕಣ್ಣು ಇವೆರಡಕ್ಕೂ ಹೊಂದಿಕೊಳ್ಳಬಲ್ಲುದು. 1922ರ ಫಿಲ್ಮಿಗೆ ಅದು ಅಸಾಧ್ಯವಾಗಿತ್ತು. ರಾತ್ರಿಯ ಬೀದಿಯನ್ನು ದೀಪಗಳಿಂದ ಬೆಳಗಿಸಲು ದೊಡ್ಡ ಕಂಪನಿಗಳಿಗೆ ಮಾತ್ರ ಶಕ್ತಿಯಿತ್ತು. ಆದುದರಿಂದ ರಾತ್ರಿಯ ದೃಶ್ಯಗಳನ್ನು ಹಗಲಿನಲ್ಲಿ ತೆಗೆದು, ಅಚ್ಚಾದ ಪ್ರತಿಯ ಆ ಭಾಗವನ್ನು ನೀಲಿ ಬಣ್ಣದಲ್ಲಿ ಅದ್ದುವ ಪದ್ಧತಿಯಿತ್ತು. ನೀಲಿ ಎಂದರೆ ರಾತ್ರಿ, ಹಳದಿ ಎಂದರೆ ದೀಪದ ಬೆಳಕು ಅಥವಾ ಹಗಲು, ನಸುಗೆಂಪು ಎಂದರೆ ಅರುಣೋದಯ. ಇದು ಅಂದಿನ ಪ್ರೇಕ್ಷಕರಿಗೆ ಚೆನ್ನಾಗಿ ಪರಿಚಿತವಾಗಿದ್ದ ಸಂಕೇತ. ನಮ್ಮ ರಂಗಭೂಮಿಯಲ್ಲಿ ನೀಲಿ ದೀಪ ಹೊತ್ತಿದೊಡನೆಯೆ ರಾತ್ರಿಯಾಯಿತೆಂದು ಒಪ್ಪಿಕೊಳ್ಳುವುದಿಲ್ಲವೆ? ಹಾಗೆಯೇ ಇದೂ. ಮುಂದೆ ಯಾರೋ ಪ್ರತಿಯಿಂದ ಪ್ರತಿ ತೆಗೆಯುವಾಗ ಅಗ್ಗದ ಕಪ್ಪು ಬಿಳುಪು ಫಿಲ್ಮನ್ನು ಬಳಸಿದರು. ನೀಲಿ ಹೋಯಿತು, ರಾತ್ರಿಯೂ ಹೋಯಿತು. 1922ರ ಕಾಲದ ಬಣ್ಣ ಹಾಕಿದ ಫ್ರೆಂಚ್ ಪ್ರತಿಯೊಂದನ್ನು ಆಧಾರವಾಗಿಟ್ಟುಕೊಂಡು 2006ರ ವೇಳೆಗೆ ಜರ್ಮನಿಯ ಮುರ್ನೌ ಪ್ರತಿಷ್ಠಾನದವರು ಹೊರತಂದ ಪರಿಷ್ಕೃತ ಪ್ರತಿಯಲ್ಲಿ ಈ ಬಣ್ಣಗಳು ಮರಳಿ ಬಂದಿವೆ. ಅದರಲ್ಲಿ ಓರ್ಲಾಕ್ ನಡೆಯುವುದು ರಾತ್ರಿಯಲ್ಲೇ.

ಇದೇ ಬಗೆಯ ಇನ್ನೊಂದು ಅನ್ಯಾಯ ವೇಗಕ್ಕೆ ಸಂಬಂಧಿಸಿದ್ದು. ಮೂಕಚಿತ್ರಗಳ ಕಾಲದಲ್ಲಿ ಕ್ಯಾಮರಾವನ್ನು ಕೈಯಿಂದ ತಿರುಗಿಸುತ್ತಿದ್ದರು. ಸೆಕೆಂಡಿಗೆ 16ರಿಂದ 20ರಷ್ಟು ಚಿತ್ರಗಳು ಮೂಡುವುದು ಸಾಮಾನ್ಯವಾಗಿತ್ತು. ಮಾತಿನ ಚಿತ್ರಗಳು ಬಂದ ಮೇಲೆ ಸೆಕೆಂಡಿಗೆ 24 ಎಂಬುದು ನಿಯಮವಾಯಿತು. 18ರಂತೆ ತೆಗೆದುದನ್ನು 24ರಂತೆ ಓಡಿಸಿದರೆ ಪ್ರತಿಯೊಂದು ಚಲನೆಯೂ ಮೂರರಲ್ಲಿ ಒಂದು ಪಾಲು ಹೆಚ್ಚು ವೇಗವಾಗುತ್ತದೆ. ಮೆಲ್ಲನೆ ಮೇಲೇಳಬೇಕಾದ ಶವ ಪುಟಿದೇಳುತ್ತದೆ. ಗಂಭೀರವಾಗಿ ನಡೆಯಬೇಕಾದವನು ಕುಪ್ಪಳಿಸುತ್ತಾನೆ. ಹಳೆಯ ಕಾಲದವರು ವಿಚಿತ್ರವಾಗಿ ಓಡಾಡುತ್ತಿದ್ದರೆಂದು ನಮಗೆ ತೋರುವುದು ಇದರಿಂದಲೇ.

ಹಾಗೆಂದು ಈ ಚಿತ್ರದಲ್ಲಿರುವ ಎಲ್ಲ ವಿಚಿತ್ರ ಚಲನೆಗಳೂ ಆಕಸ್ಮಿಕವಲ್ಲ. ಪ್ರೇತದ ಗಾಡಿ ಕಾಡಿನಲ್ಲಿ ಸಾಗುವಾಗ ಮುರ್ನೌ ಬೇಕೆಂದೇ ನೆಗಟಿವ್ ಚಿತ್ರವನ್ನು ತೋರಿಸುತ್ತಾನೆ. ಅದರಲ್ಲಿ ಕಪ್ಪು ಮರಗಳು ಬೆಳ್ಳಗೆ, ಬಿಳಿಯ ಆಕಾಶ ಕಪ್ಪಗೆ ಕಾಣುತ್ತವೆ. ಶವಪೆಟ್ಟಿಗೆಯ ಮುಚ್ಚಳ ತಾನಾಗಿ ಬಂದು ಕೂರುವುದನ್ನು ಒಂದೊಂದೇ ಚಿತ್ರವಾಗಿ ತೆಗೆದು ಸಾಧಿಸಿದ್ದಾನೆ. ಇವಕ್ಕೆ ತಗುಲಿದ ಹೆಚ್ಚಿನ ವೆಚ್ಚ ತಾಳ್ಮೆ ಮಾತ್ರ. ಓಡಿಸುವವನ ತಪ್ಪಿನಿಂದ ಎಲ್ಲರೂ ಕುಪ್ಪಳಿಸುತ್ತಿದ್ದರೆ ಪ್ರೇತದ ಅಸಹಜತೆಗೆ ಬೆಲೆ ಎಲ್ಲಿಂದ ಬಂದೀತು?

ಕೆಂಪು ಗಾಜಿನ ರಹಸ್ಯ

ಈಗ ವಾಚಕರು ಒಂದು ಸಣ್ಣ ಪ್ರಯೋಗ ಮಾಡಬಹುದು. ಬಿಳಿಯ ಹಾಳೆಯ ಮೇಲೆ ಕೆಂಪು ಶಾಯಿಯಿಂದ ಒಂದು ಮುಖವನ್ನು ಬರೆಯಿರಿ. ಅದನ್ನು, ಉಡುಗೊರೆಗಳಿಗೆ ಸುತ್ತುವ ಕೆಂಪು ಪಾರದರ್ಶಕ ಕಾಗದದ ಮೂಲಕ ನೋಡಿರಿ. ಮುಖ ಬಹುಮಟ್ಟಿಗೆ ಮಾಯವಾಗುತ್ತದೆ. ಕೆಂಪು ಕಾಗದವನ್ನು ತೆಗೆದು ಹಸುರು ಕಾಗದವನ್ನು ಹಿಡಿಯಿರಿ. ಅದೇ ಗೆರೆಗಳು ಕಪ್ಪಾಗಿ ಎದ್ದು ಕಾಣುತ್ತವೆ.

ಕಾರಣ ಸರಳವಾಗಿದೆ. ಬಿಳಿಯ ಹಾಳೆ ಎಲ್ಲ ಬಣ್ಣಗಳನ್ನೂ ಪ್ರತಿಫಲಿಸುತ್ತದೆ. ಕೆಂಪು ಶಾಯಿ ಹೆಚ್ಚಾಗಿ ಕೆಂಪನ್ನು ಮಾತ್ರ ಪ್ರತಿಫಲಿಸಿ ಉಳಿದುವನ್ನು ಹೀರಿಕೊಳ್ಳುತ್ತದೆ. ಕೆಂಪನ್ನಷ್ಟೇ ಒಳಬಿಡುವ ಕಾಗದದ ಮೂಲಕ ನೋಡಿದಾಗ ಹಾಳೆಯಿಂದಲೂ ಶಾಯಿಯಿಂದಲೂ ಬರುವ ಬೆಳಕು ಹೆಚ್ಚುಕಡಮೆ ಸಮನಾಗುವುದರಿಂದ ಭೇದ ಅಳಿಸಿಹೋಗುತ್ತದೆ. ಹಸುರಿನ ಮೂಲಕ ನೋಡಿದಾಗ ಹಾಳೆಯಿಂದ ಹಸುರು ಬರುತ್ತದೆ, ಶಾಯಿಯಿಂದ ಬರುವುದಿಲ್ಲ. ಆದುದರಿಂದ ಶಾಯಿ ಕಪ್ಪು.

ಹಾಳೆಯ ಬದಲು ಮನುಷ್ಯನ ಮುಖ, ಶಾಯಿಯ ಬದಲು ಕೆಂಪು ಬಣ್ಣದ ಪ್ರಸಾಧನ ಎಂದು ಭಾವಿಸಿರಿ. ಕೆಂಪು ಗಾಜಿನ ಮೂಲಕ ಚಿತ್ರೀಕರಣ ಆರಂಭವಾಗುತ್ತದೆ; ಮುಖ ನಯವಾಗಿದೆ. ಗಾಜಿನ ಅಥವಾ ದೀಪದ ಬಣ್ಣವನ್ನು ಮೆಲ್ಲಮೆಲ್ಲನೆ ಬದಲಾಯಿಸುತ್ತ ಹೋದಂತೆ ಸುಕ್ಕುಗಳೂ ಕಲೆಗಳೂ ಒಳಗಿನಿಂದಲೇ ಹುಟ್ಟಿದಂತೆ ಮೂಡುತ್ತವೆ. ಫಿಲ್ಮು ಕಪ್ಪು ಬಿಳುಪಾದುದರಿಂದ ಬೆಳಕಿನ ಬಣ್ಣ ಬದಲಾದುದು ಪ್ರೇಕ್ಷಕನಿಗೆ ತಿಳಿಯುವುದೇ ಇಲ್ಲ. ಕೆಂಪಿಗೂ ಸ್ಪಂದಿಸುವ ಫಿಲ್ಮು ಬಂದ ಮೇಲೆ ಮಾತ್ರ ಈ ಉಪಾಯ ಸಾಧ್ಯವಾಯಿತು. ಅಮೆರಿಕದ ಛಾಯಾಗ್ರಾಹಕ ಕಾರ್ಲ್ ಸ್ಟ್ರಸ್ ಇದನ್ನು 1925ರ ‘ಬೆನ್ ಹರ್’ ಚಿತ್ರದಲ್ಲಿ ಕುಷ್ಠರೋಗಿಗಳು ಗುಣವಾಗುವ ದೃಶ್ಯಕ್ಕೂ, 1931ರ ‘ಡಾಕ್ಟರ್ ಜೆಕಿಲ್ ಅಂಡ್ ಮಿಸ್ಟರ್ ಹೈಡ್’ ಚಿತ್ರದಲ್ಲಿ ಸಜ್ಜನನು ರಾಕ್ಷಸನಾಗುವ ದೃಶ್ಯಕ್ಕೂ ಬಳಸಿದನು. ಅವು ದುಡ್ಡಿದ್ದವರ ಚಿತ್ರಗಳು. ಆದರೆ ಉಪಾಯಕ್ಕೆ ದುಡ್ಡು ಬೇಕಿರಲಿಲ್ಲ.

ಈ ಮಾತನ್ನು ಸಿದ್ಧಮಾಡಿ ತೋರಿಸಿದವನು ಇಟಲಿಯ ಮಾರಿಯೊ ಬಾವಾ. ಅವನ ತಂದೆ ಯೂಜೇನಿಯೊ ಶಿಲ್ಪಿಯೂ ಚಿತ್ರತಂತ್ರಗಳಲ್ಲಿ ಪಳಗಿದವನೂ ಆಗಿದ್ದನು. 1957ರ ‘ಇ ವಾಂಪಿರಿ’ ಎಂಬ ಚಿತ್ರಕ್ಕೆ ಬಾವಾ ಛಾಯಾಗ್ರಾಹಕ. ಅದನ್ನು ಸುಮಾರು ಹನ್ನೆರಡು ದಿನಗಳಲ್ಲಿ ಮುಗಿಸಬೇಕೆಂದು ಗೊತ್ತಾಗಿತ್ತು. ನಿರ್ದೇಶಕ ರಿಕಾರ್ಡೊ ಫ್ರೆಡಾ ನಡುವೆಯೇ ಬಿಟ್ಟುಹೋದಾಗ ಉಳಿದುದನ್ನು ಮುಗಿಸಿದವನು ಬಾವಾನೇ. ಚಿತ್ರದಲ್ಲಿ ಸುಂದರಿಯಾದ ಶ್ರೀಮಂತೆಯೊಬ್ಬಳು ನಮ್ಮ ಕಣ್ಣೆದುರಿನಲ್ಲಿಯೇ ಮುದುಕಿಯಾಗುತ್ತಾಳೆ. ನಡುವೆ ಕತ್ತರಿ ಹಾಕಿಲ್ಲ. ಒಂದು ಚಿತ್ರ ಮಾಸಿ ಇನ್ನೊಂದು ಮೂಡಿದ ಗುರುತಿಲ್ಲ. ನಟಿ ಅಲ್ಲಿಯೇ ಇದ್ದಾಳೆ. ಮುಪ್ಪು ಮೊದಲಿನಿಂದಲೂ ಅವಳ ಮುಖದ ಮೇಲೆಯೇ ಇತ್ತು. ಅದನ್ನು ಮರೆಮಾಡಿದ್ದುದು ಬೆಳಕು, ಬಯಲು ಮಾಡಿದ್ದೂ ಬೆಳಕು. ಈ ದೃಶ್ಯವನ್ನು ತಿಳಿದು ನೋಡಿದರೆ ಭಯ ಕಡಮೆಯಾಗುವುದೆಂದು ನಮಗೆ ತೋರಿಲ್ಲ. ಬೆರಗು ಅದರೊಡನೆ ಸೇರಿಕೊಳ್ಳುತ್ತದೆ.

ನೆರಳು ಮತ್ತು ನಿಶ್ಶಬ್ದ

ಮುಖಕ್ಕೆ ಬಣ್ಣ ಹಚ್ಚಲೂ ವೇಷ ಕಟ್ಟಲೂ ಹಣವಿಲ್ಲದಿದ್ದರೆ ಏನು ಮಾಡಬೇಕು? 1942ರಲ್ಲಿ ಹಾಲಿವುಡ್ಡಿನ ಆರ್‌ಕೆಓ ಸಂಸ್ಥೆ ನಿರ್ಮಾಪಕ ವ್ಯಾಲ್ ಲ್ಯೂಟನ್ನನಿಗೆ ‘ಕ್ಯಾಟ್ ಪೀಪಲ್’ ಎಂಬ ಶೀರ್ಷಿಕೆಯನ್ನು ಮೊದಲು ಕೊಟ್ಟು, ಚಿತ್ರವನ್ನು ಆಮೇಲೆ ಕೇಳಿತು. ಖರ್ಚು 1,50,000 ಡಾಲರಿಗೂ ಕಡಮೆ. ಚಿತ್ರದಲ್ಲಿ ಕಾಣುವ ದೊಡ್ಡ ಮೆಟ್ಟಿಲುಸಾಲು ಕೂಡ ಬೇರೊಂದು ಚಿತ್ರಕ್ಕಾಗಿ ಕಟ್ಟಿ ಉಳಿದಿದ್ದುದು. ಹೆಂಗಸೊಬ್ಬಳು ಕರಿಚಿರತೆಯಾಗಿ ಮಾರ್ಪಡುವಳೆಂಬುದು ಕಥೆ. ನಿರ್ದೇಶಕ ಜಾಕ್ ಟೂರ್ನರ್ ಆ ಮಾರ್ಪಾಡನ್ನು ತೋರಿಸುವ ಗೋಜಿಗೇ ಹೋಗಲಿಲ್ಲ.

ಇನ್ನೊಬ್ಬಳು ಯುವತಿ ರಾತ್ರಿ ಒಬ್ಬಳೇ ಈಜುಕೊಳದಲ್ಲಿದ್ದಾಳೆ. ನೀರಿನಿಂದ ಪ್ರತಿಫಲಿಸಿದ ಬೆಳಕು ಗೋಡೆಗಳ ಮೇಲೆ ಅಲೆಅಲೆಯಾಗಿ ಆಡುತ್ತಿದೆ. ಅದರ ನಡುವೆ ಒಂದು ನೆರಳು ಸರಿದುಹೋಗುತ್ತದೆ. ಚಿರತೆಯದೆ? ಹೌದೆನ್ನಲೂ ಆಗದು, ಅಲ್ಲವೆನ್ನಲೂ ಆಗದು. ಆ ನೆರಳನ್ನು ತನ್ನ ಮುಷ್ಟಿಯಿಂದಲೇ ಮಾಡಿದುದಾಗಿ ಟೂರ್ನರ್ ಮುಂದೆ ಹೇಳಿದ್ದಾನೆ.

ಇಲ್ಲಿನ ಗಣಿತ ಹೈಸ್ಕೂಲಿನ ಸಮರೂಪ ತ್ರಿಭುಜಗಳದು. ದೀಪದಿಂದ 30 ಸೆಂಟಿಮೀಟರ್ ದೂರದಲ್ಲಿ 10 ಸೆಂಟಿಮೀಟರ್ ಅಗಲದ ಮುಷ್ಟಿಯನ್ನು ಹಿಡಿದು, ಗೋಡೆ ದೀಪದಿಂದ 6 ಮೀಟರ್ ದೂರದಲ್ಲಿದ್ದರೆ, ನೆರಳು ಇಪ್ಪತ್ತು ಪಾಲು ದೊಡ್ಡದಾಗಿ 2 ಮೀಟರ್ ಆಗುತ್ತದೆ. ಅಂದರೆ ಒಂದು ಚಿರತೆಯ ಉದ್ದ. ದೀಪ ಬಿಂದುವಿನಂತೆ ಚಿಕ್ಕದಾಗಿದ್ದರೆ ನೆರಳಿನ ಅಂಚು ಖಚಿತ. ದೀಪಕ್ಕೆ ಅಗಲವಿದ್ದರೆ ಅಂಚಿನಲ್ಲಿ ಅರೆನೆರಳು ಹರಡಿ ಆಕಾರ ಮಸಕಾಗುತ್ತದೆ. ನಮ್ಮ ತೊಗಲುಗೊಂಬೆಯಾಟದವರು ಇದನ್ನು ಚೆನ್ನಾಗಿ ಬಲ್ಲರು. ಗೊಂಬೆಯನ್ನು ಪರದೆಗೆ ಒತ್ತಿ ಹಿಡಿದರೆ ಅದು ಸ್ಫುಟವಾಗಿ ಕಾಣುತ್ತದೆ, ಹಿಂದಕ್ಕೆ ಎಳೆದುಕೊಂಡರೆ ಬೆಳೆದು ಮಸಕಾಗುತ್ತದೆ. ಆ ಮಸಕಿನಲ್ಲಿ ಹಲ್ಲು ಉಗುರುಗಳನ್ನು ತುಂಬಿಕೊಳ್ಳುವ ಕೆಲಸ ನೋಡುವವನ ಪಾಲಿಗೆ ಬಿಟ್ಟದ್ದು. ಅದನ್ನು ಅವನು ಸಂಬಳವಿಲ್ಲದೆ ಮಾಡುತ್ತಾನೆ.

ಶಬ್ದವನ್ನೂ ಇದೇ ಮಿತವ್ಯಯದಿಂದ ಬಳಸಿದ್ದಾರೆ. ಅದೇ ಯುವತಿ ರಾತ್ರಿ ನಿರ್ಜನವಾದ ದಾರಿಯಲ್ಲಿ ನಡೆಯುತ್ತಾಳೆ. ಸಂಗೀತವಿಲ್ಲ, ಹೆಜ್ಜೆಯ ಸಪ್ಪಳ ಮಾತ್ರ. ಹಿಂದಿನಿಂದ ಬರುತ್ತಿದ್ದ ಇನ್ನೊಂದು ಜೊತೆ ಹೆಜ್ಜೆಗಳು ಇದ್ದಕ್ಕಿದ್ದಂತೆ ನಿಲ್ಲುತ್ತವೆ. ಅನಂತರ ಮೃಗದ ಗುರುಗುಟ್ಟುವಿಕೆಯೆಂಬಂತೆ ಒಂದು ಶಬ್ದ ಎರಗುತ್ತದೆ. ನೋಡಿದರೆ ಅದು ಬಸ್ಸು ಬಂದು ನಿಂತ ಬ್ರೇಕಿನ ಸದ್ದು! ನಮ್ಮ ಕಿವಿ ಶಬ್ದದ ಪ್ರಮಾಣವನ್ನು ಅಳೆಯುವುದು ಕೂಡುವ ಲೆಕ್ಕದಲ್ಲಲ್ಲ, ಗುಣಿಸುವ ಲೆಕ್ಕದಲ್ಲಿ. ಶಬ್ದದ ತೀವ್ರತೆ ಹತ್ತು ಪಾಲಾದಾಗಲೆಲ್ಲ ಡೆಸಿಬೆಲ್ ಮಾಪಕದಲ್ಲಿ 10ರಷ್ಟೇ ಏರುತ್ತದೆ. ಗದ್ದಲದ ನಡುವೆ ಬಸ್ಸಿನ ಬ್ರೇಕು ಯಾರ ಗಮನಕ್ಕೂ ಬಾರದು. ಮೌನದ ಮೇಲೆ ಅದು ಸಿಡಿಲಿನಂತೆ ಬೀಳುತ್ತದೆ. ಹೀಗಾಗಿ ದೊಡ್ಡ ಶಬ್ದವನ್ನು ಪಡೆಯಲು ಅತಿ ಅಗ್ಗವಾದ ಮಾರ್ಗವೆಂದರೆ ಅದಕ್ಕೆ ಮುಂಚೆ ನಿಶ್ಶಬ್ದವನ್ನು ಇಡುವುದು. ಈ ಹಂಚಿಕೆಗೆ ಚಿತ್ರರಂಗದಲ್ಲಿ ‘ಬಸ್’ ಎಂಬ ಹೆಸರೇ ನಿಂತುಹೋಗಿದೆ. ಬೀದಿಯ ಸದ್ದಿನ ನಡುವೆ ಅಂಗೈಯಗಲದ ಫೋನಿನಲ್ಲಿ ಇದನ್ನು ನೋಡುವವನಿಗೆ ಆ ಮೌನ ಕೇಳಿಸುವುದಿಲ್ಲ. ಆದ್ದರಿಂದ ಬಸ್ಸೂ ಬರುವುದಿಲ್ಲ.

ಎರಡು ಬಂಡೆಗಳ ಗ್ರಹ

1965ರಲ್ಲಿ ಬಾವಾ ‘ಟೆರ್ರೋರೆ ನೆಲ್ಲೊ ಸ್ಪಾಟ್ಸಿಯೊ’ ಎಂಬ ಬಣ್ಣದ ಚಿತ್ರವನ್ನು ನಿರ್ದೇಶಿಸಿದನು. ಆಕಾಶನೌಕೆಯೊಂದು ಅಪರಿಚಿತ ಗ್ರಹದ ಮೇಲೆ ಇಳಿಯುತ್ತದೆ. ಸತ್ತ ನಾವಿಕರು ಎದ್ದು ಬರುತ್ತಾರೆ. ಆ ಗ್ರಹವನ್ನು ಕಟ್ಟಲು ತನಗೆ ದೊರೆತುದು ಹಳೆಯ ಪೌರಾಣಿಕ ಚಿತ್ರದಿಂದ ಉಳಿದಿದ್ದ ಎರಡು ಪ್ಲಾಸ್ಟಿಕ್ ಬಂಡೆಗಳು ಮಾತ್ರ ಎಂದು ಬಾವಾ ಹೇಳಿಕೊಂಡಿದ್ದಾನೆ. ಅವನು ಕನ್ನಡಿಗಳನ್ನು ತಂದನು, ಹೊಗೆಯನ್ನು ತಂದನು, ಬಣ್ಣದ ದೀಪಗಳನ್ನು ತಂದನು.

ಕನ್ನಡಿಯ ಕೆಲಸ ಸ್ಪಷ್ಟವಾಗಿದೆ. ಎದುರಿಗಿರುವ ಬಂಡೆ ಎಷ್ಟು ದೂರದಲ್ಲಿದೆಯೋ ಅಷ್ಟೇ ದೂರ ಹಿಂದೆ ಅದರ ಬಿಂಬ ತೋರುತ್ತದೆ. ಹೀಗೆ ಒಂದು ಬಂಡೆ ಎರಡಾಗುತ್ತದೆ, ಅಂಗಳ ಇಮ್ಮಡಿಯಾಗುತ್ತದೆ. ಹೊಗೆಯ ಕೆಲಸ ಇನ್ನೂ ಸೂಕ್ಷ್ಮವಾದುದು. ದೂರದ ಬೆಟ್ಟಗಳು ಮಾಸಲಾಗಿ ಕಾಣುವುದನ್ನು ಮಲೆನಾಡಿನಲ್ಲಿ ಓಡಾಡಿದವರೆಲ್ಲ ಕಂಡಿದ್ದಾರೆ. ನಡುವಣ ಗಾಳಿಯಲ್ಲಿರುವ ಕಣಗಳು ಬೆಳಕನ್ನು ಚದರಿಸುವುದರಿಂದ, ದೂರ ಹೆಚ್ಚಿದಂತೆ ಕಪ್ಪು ಬಿಳುಪುಗಳ ಅಂತರ ಕುಗ್ಗುತ್ತದೆ. ನಮ್ಮ ಮಿದುಳು ಈ ಮಾಸಲುತನವನ್ನೇ ದೂರದ ಅಳತೆಯಾಗಿ ಬಳಸುತ್ತದೆ. ಹತ್ತು ಮೀಟರಿನ ಕೋಣೆಯಲ್ಲಿ ದಟ್ಟವಾದ ಹೊಗೆಯನ್ನು ತುಂಬಿದರೆ, ಹಲವು ಮೈಲಿಗಳ ಗಾಳಿ ಮಾಡುವ ಕೆಲಸವನ್ನು ಅದು ಅಷ್ಟರಲ್ಲಿಯೇ ಮಾಡಿಬಿಡುತ್ತದೆ. ಎದುರು ಗೋಡೆ ದಿಗಂತವಾಗುತ್ತದೆ. ಅಲ್ಲಿ ಬೇರೇನೂ ಇಲ್ಲವೆಂಬುದನ್ನು ಮುಚ್ಚಿಡುವ ಹೊಗೆಯೇ ಅಲ್ಲಿ ಬಹಳವಿದೆಯೆಂದು ತೋರಿಸುತ್ತದೆ.

ಸೋಲುವುದು ಎಲ್ಲಿ?

ಇಷ್ಟು ಹೇಳಿದ ಮೇಲೆ, ಹಳೆಯದೂ ಅಗ್ಗದ್ದೂ ಆದುದೆಲ್ಲ ಹೊಗಳಿಕೆಗೆ ಅರ್ಹವೆಂದು ನಾವು ವಾದಿಸುವುದಿಲ್ಲ. ನಿಸರ್ಗದ ನಿಯಮವನ್ನು ಜೊತೆಗೆ ಕರೆದುಕೊಂಡವರು ಗೆದ್ದರು. ಅದನ್ನು ಕಡೆಗಣಿಸಿದವರು ಸೋತರು. ಆಟಿಕೆಯ ಕಟ್ಟಡಗಳನ್ನು ಕೆಡವುವ ದೃಶ್ಯಗಳು ಇದಕ್ಕೆ ಉದಾಹರಣೆ. 50 ಮೀಟರ್ ಎತ್ತರದಿಂದ ಕಲ್ಲೊಂದು ಬೀಳಲು ಸುಮಾರು 3.2 ಸೆಕೆಂಡು ಬೇಕು. 2 ಮೀಟರ್ ಎತ್ತರದ ಮಾದರಿಯಿಂದ ಬೀಳಲು ಸುಮಾರು 0.64 ಸೆಕೆಂಡು ಸಾಕು. ಮಾದರಿ ಇಪ್ಪತ್ತೈದು ಪಾಲು ಚಿಕ್ಕದಾದರೆ ಕಾಲ ಅದರ ವರ್ಗಮೂಲದಷ್ಟು, ಎಂದರೆ ಐದು ಪಾಲು, ಕಡಮೆಯಾಗುತ್ತದೆ. ಆದುದರಿಂದ ಮಾದರಿ ನಿಜವೆನಿಸಬೇಕಾದರೆ ಕ್ಯಾಮರಾವನ್ನು ಐದು ಪಾಲು ವೇಗವಾಗಿ ಓಡಿಸಬೇಕು. ಅದಕ್ಕೆ ಐದು ಪಾಲು ಫಿಲ್ಮು, ಇನ್ನೂ ಪ್ರಖರವಾದ ಬೆಳಕು ಬೇಕು. ಫಿಲ್ಮು ಉಳಿಸಲು ಹೊರಟವನ ಕೋಟೆಗಳು ರಟ್ಟಿನ ಡಬ್ಬಿಗಳಂತೆ ಉರುಳುತ್ತವೆ. ನೀರಿನ ಹನಿಯಂತೂ ಯಾರ ಮಾತನ್ನೂ ಕೇಳುವುದಿಲ್ಲ; ಹಡಗನ್ನು ಚಿಕ್ಕದು ಮಾಡಬಹುದು, ಹನಿಯ ಗಾತ್ರವನ್ನು ಅದೇ ಪ್ರಮಾಣದಲ್ಲಿ ಕುಗ್ಗಿಸಲಾಗದು. 1957ರ ‘ದಿ ಜೈಂಟ್ ಕ್ಲಾ’ ಎಂಬ ಅಮೆರಿಕನ್ ಚಿತ್ರದಲ್ಲಿ ಭೂಮಿಯನ್ನೇ ನಡುಗಿಸುವ ಹಕ್ಕಿಯನ್ನು ಪೂರ್ಣ ಬೆಳಕಿನಲ್ಲಿ ಮತ್ತೆಮತ್ತೆ ತೋರಿಸಿದ್ದಾರೆ. ಅದು ಸೂತ್ರದ ಗೊಂಬೆಯೆಂಬುದು ಮಗುವಿಗೂ ತಿಳಿಯುತ್ತದೆ. ಅಲ್ಲಿ ನಗುವುದು ನ್ಯಾಯವಾದುದೇ.

ಪ್ರತಿಯ ಪ್ರಶ್ನೆ

ಕೊನೆಯದಾಗಿ 1968ರ ‘ನೈಟ್ ಆಫ್ ದಿ ಲಿವಿಂಗ್ ಡೆಡ್’ ಚಿತ್ರದ ಮಾತು. ಪಿಟ್ಸ್‌ಬರ್ಗಿನ ಜಾರ್ಜ್ ರೊಮೇರೊ ಮತ್ತು ಅವನ ಗೆಳೆಯರು ಸುಮಾರು 1,14,000 ಡಾಲರುಗಳಲ್ಲಿ ಇದನ್ನು ಕಪ್ಪು ಬಿಳುಪಿನಲ್ಲಿ ತಯಾರಿಸಿದರು. ಅದರಲ್ಲಿನ ರಕ್ತ ಚಾಕೊಲೇಟ್ ಪಾಕ. ಕಪ್ಪು ಬಿಳುಪಿನಲ್ಲಿ ವಸ್ತುವಿನ ಬಣ್ಣ ಉಳಿಯುವುದಿಲ್ಲ, ಹೊಳಪಿನ ಹೆಚ್ಚು ಕಡಮೆ ಮಾತ್ರ ಉಳಿಯುತ್ತದೆ. ಪಾಕದ ಗಾಢತೆಯೂ ಮಂದಗತಿಯೂ ರಕ್ತಕ್ಕೆ ಸಾಲುತ್ತವೆ. ವಿತರಕರು ಬಿಡುಗಡೆಗೆ ಮೊದಲು ಚಿತ್ರದ ಹೆಸರನ್ನು ಬದಲಾಯಿಸಿದಾಗ ಹಕ್ಕುಸ್ವಾಮ್ಯದ ಸೂಚನೆಯನ್ನು ಮತ್ತೆ ಸೇರಿಸಲು ಮರೆತರು. ಅಂದಿನ ಅಮೆರಿಕದ ಕಾನೂನಿನಂತೆ ಅಷ್ಟರಿಂದಲೇ ಹಕ್ಕು ತಪ್ಪಿಹೋಯಿತು. ಯಾರು ಬೇಕಾದರೂ ಪ್ರತಿ ತೆಗೆಯಬಹುದಾಯಿತು; ತೆಗೆದರು. ಪ್ರತಿಯ ಪ್ರತಿಯ ಪ್ರತಿಯಲ್ಲಿ ನೆರಳುಗಳು ಕಪ್ಪು ಗೋಡೆಗಳಾದುವು, ಮುಖಗಳು ಸುಣ್ಣದ ಮುದ್ದೆಗಳಾದುವು. 1986ರಲ್ಲಿ ಬಣ್ಣ ತುಂಬಿದ ಪ್ರತಿಯೊಂದೂ ಬಂದಿತು. ಚಾಕೊಲೇಟಿಗೆ ಕೆಂಪು ಬಳಿದ ಮಾತ್ರಕ್ಕೆ ಅದು ಹೆಚ್ಚು ರಕ್ತವಾಗುವುದಿಲ್ಲ. 2016ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದವರು ಮೂಲ ನೆಗಟಿವಿನಿಂದ ಪುನರುದ್ಧಾರ ಮಾಡಿದ ಮೇಲೆಯೇ ಚಿತ್ರದ ಬೂದು ಛಾಯೆಗಳು ಮರಳಿದುವು.

ಯಾರೂ ನಕಲು ಮಾಡಬಾರದೆಂಬ ತೀರ್ಪಿನಿಂದ ‘ನೊಸ್ಫೆರಾಟು’ ಅಳಿಯಬೇಕಾಗಿತ್ತು, ಕದ್ದ ಪ್ರತಿಗಳಿಂದ ಉಳಿಯಿತು. ಎಲ್ಲರೂ ನಕಲು ಮಾಡಬಹುದಾದುದರಿಂದ ರೊಮೇರೊವಿನ ಚಿತ್ರ ಉಳಿಯಿತು, ಆದರೆ ರೂಪಗೆಟ್ಟು ಉಳಿಯಿತು. ಎರಡರಲ್ಲಿಯೂ ಪ್ರೇಕ್ಷಕನ ನಗೆಗೆ ಗುರಿಯಾದುದು ಕೆಟ್ಟ ಪ್ರತಿ. ಅಪಕೀರ್ತಿ ಬಂದುದು ಅದನ್ನು ಮಾಡಿದವರಿಗೆ.

ಆದುದರಿಂದ ಇಂತಹ ಚಿತ್ರವನ್ನು ನೋಡಬಯಸುವ ವಾಚಕರಿಗೆ ನಮ್ಮ ಬಿನ್ನಹ ಇಷ್ಟೆ. ಮೊದಲ ಸಿಕ್ಕಿದ ಪ್ರತಿಗೆ ತೃಪ್ತರಾಗದೆ ಪುನರುದ್ಧಾರವಾದ ಪ್ರತಿಯನ್ನು ಹುಡುಕಿರಿ. ಕೋಣೆಯ ದೀಪವನ್ನು ಆರಿಸಿರಿ. ತೆರೆಯ ಕಪ್ಪಿನ ಮೇಲೆ ಕೋಣೆಯ ಬೆಳಕು ಬಿದ್ದರೆ ಛಾಯಾಗ್ರಾಹಕನ ನೆರಳುಗಳೆಲ್ಲ ತೊಳೆದುಹೋಗುತ್ತವೆ. ಫೋನನ್ನು ಆಚೆಗಿಡಿರಿ. ಒಮ್ಮೆ ಕಥೆಗಾಗಿ ನೋಡಿರಿ, ಹೆದರಿಕೆಯಾದರೆ ಹೆದರಿರಿ. ಆಮೇಲೆ ಮತ್ತೊಮ್ಮೆ ನೋಡಿ, ದೀಪ ಎಲ್ಲಿತ್ತು, ಕನ್ನಡಿ ಎಲ್ಲಿತ್ತು, ಮುಷ್ಟಿಯನ್ನು ಯಾರು ಹಿಡಿದಿದ್ದರು ಎಂದು ಕೇಳಿಕೊಳ್ಳಿರಿ. ಇಂದಿನ ಗಣಕಯಂತ್ರ ರಚಿಸುವ ಭೂತ ಎಲ್ಲಿಯೂ ನಿಂತಿರುವುದಿಲ್ಲ. ಈ ಹಳೆಯ ಭೂತಗಳಾದರೋ ಒಂದು ದಿನ ಒಂದು ಸ್ಥಳದಲ್ಲಿ, ಒಂದು ದೀಪದ ಎದುರಿಗೆ, ನಿಜವಾಗಿ ನಿಂತಿದ್ದುವು. ಅವುಗಳ ಮೇಲೆ ಬಿದ್ದ ಬೆಳಕೇ ಫಿಲ್ಮಿನ ಮೇಲೂ ಬಿದ್ದಿತು. ಅದು ಯಾವ ದಾರಿಯಿಂದ ಬಂದಿತೆಂಬುದನ್ನು ಗಮನವಿಟ್ಟು ನೋಡುವವನು ಇಂದಿಗೂ ಗುರುತಿಸಬಲ್ಲನು.